ಗುಮಾಸ್ತರು ಕಂಡ ಅಲೆಗ್ಸಾಂಡರ್
(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಅಲೆಗ್ಸಾಂಡರನ ಬಗ್ಗೆ ಮಾತು ಎಂದ ಕೂಡಲೇ ನಮ್ಮ ಕಡೆ ಎದ್ದು ನಿಲ್ಲುವ ಪ್ರಶ್ನೆ ಒಂದೇ: ಪೋರಸ್ ಸೋತನೋ ಗೆದ್ದನೋ? ಅದನ್ನು ಮೊದಲೇ ಮುಗಿಸಿಬಿಡುತ್ತೇನೆ. ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಡದಲ್ಲಿ ನಡೆದ ಆ ಯುದ್ಧದ ಬಗ್ಗೆ ಉಳಿದಿರುವ ಬರಹವೆಲ್ಲ ಗ್ರೀಕ್ ಮತ್ತು ಲ್ಯಾಟಿನ್‌ನಲ್ಲಿದೆ. ಅದೆಲ್ಲವೂ ಪೋರಸ್ ಸೋತ ಎಂದೇ ಹೇಳುತ್ತದೆ. ಸೋತವನಿಗೆ ಅವನ ರಾಜ್ಯವನ್ನು ಮರಳಿಸಿ, ಮೇಲೆ ಇನ್ನಷ್ಟು ನೆಲವನ್ನೂ ಸೇರಿಸಿ ಕೊಟ್ಟರು ಎಂದೂ ಹೇಳುತ್ತದೆ. ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ಅಲೆಗ್ಸಾಂಡರನ ಹೆಸರೇ ಇಲ್ಲ. ಆದ್ದರಿಂದ ಪೋರಸ್ ಗೆದ್ದ ಎನ್ನುವ ವಾದಕ್ಕೆ ಅಭಿಮಾನವುಂಟು, ಆಧಾರವಿಲ್ಲ.

ಆದರೆ ಆ ಯುದ್ಧದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಬೇರೆಯದು. ಸೋತವನಿಗೆ ರಾಜ್ಯ ಮರಳಿಸಿದ್ದೇಕೆ? ಶಾಲೆಯ ಪಾಠದಲ್ಲಿ ಅದು ಇಬ್ಬರು ವೀರರ ದೊಡ್ಡ ಮನಸ್ಸಿನ ಕಥೆ. ಆ ಯುದ್ಧಕ್ಕೂ ಒಂದು ಶತಮಾನದ ಹಿಂದೆ ಬರೆದ ಹೆರೊಡೋಟಸನನ್ನು ತೆರೆದು ನೋಡಿದರೆ ಬೇರೊಂದು ಸುಳಿವು ಸಿಗುತ್ತದೆ. ದಂಗೆಯೆದ್ದ ಅರಸರ ಮಕ್ಕಳಿಗೂ ತಂದೆಯ ಪಟ್ಟವನ್ನು ಮರಳಿ ಕೊಡುವುದು ಪರ್ಷಿಯನ್ನರ ವಾಡಿಕೆ ಎಂದು ಅವನು ಈಜಿಪ್ಟಿನ ಸಂದರ್ಭದಲ್ಲಿ ಬರೆಯುತ್ತಾನೆ, ಉದಾಹರಣೆಗೆ ಹೆಸರುಗಳನ್ನೂ ಕೊಡುತ್ತಾನೆ. ದೂರದ ಗಡಿಯನ್ನು ಸ್ಥಳೀಯ ಅರಸನ ಕೈಯಲ್ಲೇ ಬಿಟ್ಟು ಅವನಿಂದ ಕಪ್ಪ, ಸೈನ್ಯ, ನಿಷ್ಠೆ ಪಡೆಯುವುದು ಪರ್ಷಿಯದ ಅರಸರು ಎರಡು ಶತಮಾನ ನಡೆಸಿದ ರಾಜಕಾರಣ. ಝೇಲಂ ದಡದಲ್ಲಿ ಅಲೆಗ್ಸಾಂಡರ್ ಮಾಡಿದ್ದೂ ಅದನ್ನೇ ಎಂಬುದು ನನ್ನ ಎಣಿಕೆ. ಮ್ಯಾಸಿಡೋನಿಯದಿಂದ ಹೊರಟವನು ಅಲ್ಲಿಗೆ ಬರುವ ಹೊತ್ತಿಗೆ ಪರ್ಷಿಯದ ಅರಸನಾಗಿದ್ದ.

ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಅಲೆಗ್ಸಾಂಡರ್ ಒಂದು ಸಾಮ್ರಾಜ್ಯವನ್ನು ಕಟ್ಟಲಿಲ್ಲ. ಕಟ್ಟಿ ನಿಂತಿದ್ದ ಸಾಮ್ರಾಜ್ಯವನ್ನು ಹಿಡಿದ. ಹಿಡಿದದ್ದು ಏನನ್ನು ಎಂದು ತಿಳಿಯದೆ ಹಿಡಿದವನನ್ನು ಅಳೆಯಲಾಗದು. ಅದನ್ನು ತಿಳಿಸುವವರು ಗ್ರೀಕ್ ಕಥನಕಾರರಲ್ಲ, ಜೇಡಿಮಣ್ಣಿನ ಫಲಕ ಮತ್ತು ಚರ್ಮದ ಮೇಲೆ ಬಾರ್ಲಿ, ಮದ್ಯ, ಕುರಿ, ಒಂಟೆಗಳ ಲೆಕ್ಕ ಬರೆದ ಗುಮಾಸ್ತರು.

ಮೊದಲು ಕಥನಕಾರರ ವಿಷಯ. ಅಲೆಗ್ಸಾಂಡರ್ ಹುಟ್ಟಿದ್ದು ಕ್ರಿ.ಪೂ. 356ರಲ್ಲಿ, ತೀರಿಕೊಂಡದ್ದು 323ರಲ್ಲಿ. ಜೊತೆಗಿದ್ದವರು ಹಲವರು ಅವನ ಬಗ್ಗೆ ಬರೆದರು: ಆಸ್ಥಾನದ ಇತಿಹಾಸಕಾರ ಕ್ಯಾಲಿಸ್ಥೆನೀಸ್, ಸೇನಾನಿ ಟಾಲೆಮಿ, ನೌಕಾಪತಿ ನಿಯಾರ್ಕಸ್, ಅರಿಸ್ಟೊಬುಲಸ್, ಒನೆಸಿಕ್ರಿಟಸ್. ಇವರ ಒಂದು ಪುಸ್ತಕವೂ ಪೂರ್ತಿಯಾಗಿ ನಮಗೆ ಉಳಿದಿಲ್ಲ. ಉಳಿದದ್ದು ಅವುಗಳನ್ನು ಓದಿ ಬರೆದವರ ಪುಸ್ತಕಗಳು: ಡಿಯೋಡೋರಸ್, ಕರ್ಟಿಯಸ್, ಪ್ಲುಟಾರ್ಕ್, ಅರಿಯನ್, ಜಸ್ಟಿನ್. ಇವರಲ್ಲಿ ಹೆಚ್ಚು ನಂಬಿಕಸ್ತನೆಂದು ಹೆಸರಾದ ಅರಿಯನ್ ಬರೆದದ್ದು ಕ್ರಿ.ಶ. ಎರಡನೆಯ ಶತಮಾನದಲ್ಲಿ, ರೋಮನ್ ಅಧಿಕಾರಿಯಾಗಿ. ತಾಳಿಕೋಟೆಯ ಕಾಳಗಕ್ಕೂ ನಮಗೂ ಎಷ್ಟು ದೂರವೋ ಅಲೆಗ್ಸಾಂಡರನಿಗೂ ಅರಿಯನ್‌ಗೂ ಸರಿಸುಮಾರು ಅಷ್ಟೇ ದೂರ. ಅಂದಿನ ಬಖೈರುಗಳು, ಪತ್ರಗಳು, ಶಾಸನಗಳೆಲ್ಲ ಕಳೆದುಹೋಗಿ, ಅವನ್ನು ಓದಿದ ಇಂದಿನ ಒಬ್ಬ ಲೇಖಕನ ಪುಸ್ತಕ ಮಾತ್ರ ಉಳಿದಿದೆ ಎಂದು ಊಹಿಸಿಕೊಳ್ಳಿ. ವಿಜಯನಗರದ ಪತನವನ್ನು ನಾವು ಅದೊಂದರಿಂದಲೇ ಬರೆಯಬೇಕಾಗಿದ್ದರೆ ಎಷ್ಟು ಹುಷಾರಾಗಿ ಬರೆಯುತ್ತಿದ್ದೆವು! ಅಲೆಗ್ಸಾಂಡರನ ವಿಷಯದಲ್ಲಿ ಆ ಹುಷಾರು ನಮಗೆ ನೆನಪಾಗುವುದಿಲ್ಲ; ಕಥೆ ಅಷ್ಟು ಚೆನ್ನಾಗಿದೆ.

ಈಗ ಗುಮಾಸ್ತರ ಕಡೆಗೆ ಬರೋಣ. ಬ್ಯಾಬಿಲೋನಿನ ದೇಗುಲದ ಪಂಡಿತರು ಶತಮಾನಗಳ ಕಾಲ ಒಂದು ದಿನಚರಿ ಬರೆದರು. ನಮಗೆ ಸಿಕ್ಕಿರುವ ಅತಿ ಹಳೆಯದು ಕ್ರಿ.ಪೂ. 652ರದು, ಕೊನೆಯದು ಕ್ರಿ.ಪೂ. 61ರದು. ಅಷ್ಟು ಉದ್ದದ ಬೇರೊಂದು ದಿನಚರಿ ಪ್ರಾಚೀನ ಜಗತ್ತಿನಲ್ಲಿ ನನಗೆ ಗೊತ್ತಿಲ್ಲ. ಚಂದ್ರ ಎಲ್ಲಿದ್ದ, ಗುರು ಶನಿಗಳು ಯಾವ ನಕ್ಷತ್ರದ ಬಳಿ ಇದ್ದರು, ಮೋಡ ಇತ್ತೇ, ಯೂಫ್ರಟೀಸ್ ನದಿಯ ನೀರು ಏರಿತೇ ಇಳಿಯಿತೇ, ಒಂದು ಶೆಕೆಲ್ ಬೆಳ್ಳಿಗೆ ಎಷ್ಟು ಬಾರ್ಲಿ, ಎಷ್ಟು ಖರ್ಜೂರ, ಎಷ್ಟು ಎಳ್ಳು, ಎಷ್ಟು ಉಣ್ಣೆ. ಇವೆಲ್ಲ ಆದಮೇಲೆ, ಜಾಗ ಉಳಿದರೆ ಎನ್ನುವಂತೆ, ಆ ತಿಂಗಳು ನಾಡಿನಲ್ಲಿ ನಡೆದ ಸಂಗತಿ. ಕ್ಯೂನಿಫಾರ್ಮ್ ಲಿಪಿಯ ಈ ಫಲಕಗಳನ್ನು ಅಬ್ರಹಾಂ ಸ್ಯಾಕ್ಸ್ ಮತ್ತು ಹರ್ಮನ್ ಹುಂಗರ್ ಸಂಪಾದಿಸಿದರು. ಸಂಪುಟಗಳು 1988ರಿಂದ ಹೊರಬಂದವು.

ಕ್ರಿ.ಪೂ. 331ರ ಸೆಪ್ಟೆಂಬರಿಗೆ ಸೇರಿದ ಫಲಕ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅಂಚು ಒಡೆದಿದೆ, ಕೆಲವು ಸಾಲುಗಳ ಓದಿನಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೂ ಓದಲು ಸಿಗುವಷ್ಟರಲ್ಲೇ ಎಷ್ಟಿದೆ ನೋಡಿ. ಮೊದಲು ಪರ್ಷಿಯದ ಅರಸ ಮೂರನೆಯ ದಾರಿಯಸನ ಶಿಬಿರದಲ್ಲಿ ಎದ್ದ ಗಾಬರಿಯ ಉಲ್ಲೇಖ. ಅದರ ಹಿಂದೆ ಮುಂದೆ ಒಂದು ಪೂರ್ಣ ಚಂದ್ರಗ್ರಹಣ. ನಮ್ಮ ಲೆಕ್ಕದಲ್ಲಿ ಅದು ಸೆಪ್ಟೆಂಬರ್ 20. ಬ್ಯಾಬಿಲೋನಿನ ಶಕುನಶಾಸ್ತ್ರದಲ್ಲಿ ಚಂದ್ರಗ್ರಹಣವೆಂದರೆ ಅರಸನಿಗೆ ಕೇಡು, ಆ ಹೊತ್ತಿನಲ್ಲಿ ಗುರು ಗ್ರಹ ಆಕಾಶದಲ್ಲಿ ಇರದಿದ್ದರೆ ಕೇಡು ಇನ್ನೂ ಹೆಚ್ಚು. ಗುರು ಮುಳುಗಿದ್ದನ್ನು ಲಿಪಿಕಾರ ಬರೆದಿಟ್ಟಿದ್ದಾನೆ. ಬಳಿಕ ಉಲೂಲು ಮಾಸದ 24ನೇ ದಿನ, ಅಂದರೆ ಅಕ್ಟೋಬರ್ 1ರ ಬೆಳಿಗ್ಗೆ, ಯುದ್ಧ. ಅದೇ ಅಲೆಗ್ಸಾಂಡರ್ ದಾರಿಯಸನನ್ನು ಸೋಲಿಸಿದ ಗೌಗಮೇಲ. ಅರಸನ ಸೈನ್ಯ ಅರಸನನ್ನು ಬಿಟ್ಟು ತಮ್ಮ ತಮ್ಮ ಊರುಗಳಿಗೆ ಹೋಯಿತು ಎನ್ನುತ್ತದೆ ಫಲಕ.

ಅರಿಯನ್ ಇದಕ್ಕೆ ತಿರುಗಾಮುರುಗ ಬರೆಯುತ್ತಾನೆ: ಎಲ್ಲರಿಗಿಂತ ಮೊದಲು ಬೆನ್ನು ತಿರುಗಿಸಿದವನು ಮೂರನೆಯ ದಾರಿಯಸನೇ. ಯೂರೋಪಿನ ಕಲ್ಪನೆಯಲ್ಲಿ ಆ ಅರಸ ಹೇಡಿಯಾಗಿ ನಿಂತುಬಿಟ್ಟದ್ದು ಈ ಒಂದು ವಾಕ್ಯದಿಂದ, ಮತ್ತು 1831ರಲ್ಲಿ ಪಾಂಪೆಯ ಮನೆಯೊಂದರ ನೆಲದಲ್ಲಿ ಸಿಕ್ಕ, ಈಗ ನೇಪಲ್ಸ್‌ನಲ್ಲಿರುವ ಮೊಸಾಯಿಕ್ ಚಿತ್ರದಿಂದ. ಚಿತ್ರದಲ್ಲಿ ದಾರಿಯಸನ ಕಣ್ಣುಗಳನ್ನು ಒಮ್ಮೆ ಗಮನಿಸಿ. ಕಲಾವಿದ ಅವನಿಗೆ ಕರುಣೆ ತೋರಿದ್ದಾನೆ, ಇತಿಹಾಸಕಾರರು ತೋರಲಿಲ್ಲ. ಕುತೂಹಲದ ಸಂಗತಿಯೆಂದರೆ ಡಿಯೋಡೋರಸ್ ಮತ್ತು ಕರ್ಟಿಯಸ್ ಅರ್ಧ ದಾರಿ ಫಲಕದ ಜೊತೆಗೇ ಬರುತ್ತಾರೆ: ದಾರಿಯಸನ ಸಾರಥಿ ಸತ್ತಾಗ ಸತ್ತವನು ಅರಸನೇ ಎಂದುಕೊಂಡು ಸುತ್ತಲಿನ ಸೈನ್ಯ ಚದುರಿತು ಎಂದು ಅವರ ಮಾತು. ಹಾಗೆಂದು ಫಲಕವನ್ನು ಕಣ್ಣುಮುಚ್ಚಿ ನಂಬಬೇಕೆಂದಲ್ಲ. ಬರೆದವನು ಯುದ್ಧಭೂಮಿಯಲ್ಲಿರಲಿಲ್ಲ, ಬ್ಯಾಬಿಲೋನಿನಲ್ಲಿದ್ದ. ಕೆಲವೇ ವಾರಗಳಲ್ಲಿ ಹೊಸ ಅರಸ ಅದೇ ಊರಿನ ಬಾಗಿಲಿಗೆ ಬಂದಿದ್ದ, ಅದೇ ಫಲಕ ಅವನನ್ನು ಜಗತ್ತಿನ ಅರಸ ಎಂದು ಕರೆಯುತ್ತದೆ. ಗುಮಾಸ್ತನಿಗೂ ಒಂದು ಬದಿ ಇರುತ್ತದೆ. ಆದರೆ ಅವನು ಬರೆದದ್ದು ಆ ತಿಂಗಳಲ್ಲಿ, ನಾನೂರೈವತ್ತು ವರ್ಷದ ಮೇಲಲ್ಲ.

ಅಲೆಗ್ಸಾಂಡರನ ಸಾವಿಗೆ ಗ್ರೀಕ್ ಲೇಖಕರು ಪುಟಗಟ್ಟಲೆ ಕೊಡುತ್ತಾರೆ: ಔತಣ, ಜ್ವರ, ವಿಷದ ಗುಮಾನಿ, ಕೊನೆಯ ಮಾತು. ಬ್ಯಾಬಿಲೋನಿನ ದಿನಚರಿಯಲ್ಲಿ ಅದು ಒಂದು ಪುಟ್ಟ ನಮೂದು. 29ನೇ ದಿನ ಅರಸ ತೀರಿಕೊಂಡ, ಆಕಾಶದಲ್ಲಿ ಮೋಡವಿತ್ತು. ಅವನ ಸಾವಿನ ದಿನವನ್ನು ನಾವು ಕ್ರಿ.ಪೂ. 323ರ ಜೂನ್ 11 ಎಂದು ಧೈರ್ಯವಾಗಿ ಹೇಳುವುದು ಈ ನಮೂದಿನ ಬಲದಿಂದಲೇ. ಮುಂದೆ ಅವನ ಸೇನಾನಿಗಳು ಪರಸ್ಪರ ಕಚ್ಚಾಡಿದ ದಶಕಗಳಲ್ಲಿ ಬ್ಯಾಬಿಲೋನಿನ ಬಾರ್ಲಿ ಬೆಲೆ ವಿಪರೀತ ಏರಿತು ಎಂಬುದೂ ಇದೇ ದಿನಚರಿಗಳ ಧಾರಣೆಯಿಂದ ಗೊತ್ತಾಗುತ್ತದೆ. ದಿಗ್ವಿಜಯದ ಖರ್ಚನ್ನು ಯಾರು ತೆತ್ತರು ಎಂದು ಪ್ಲುಟಾರ್ಕ್ ಬರೆಯಲಿಲ್ಲ. ಆ ದಿನಗಳ ಬಾರ್ಲಿ ಧಾರಣೆ ಬರೆದಿದೆ.

ಪರ್ಷಿಯದ ಒಳಗಿನ ಸಾಕ್ಷಿ ಇನ್ನೊಂದಿದೆ, ಇದು ಅಲೆಗ್ಸಾಂಡರನಿಗಿಂತ ಹಳೆಯದು. ಶಿಕಾಗೊದ ಓರಿಯೆಂಟಲ್ ಇನ್‌ಸ್ಟಿಟ್ಯೂಟ್‌ಗಾಗಿ ಉತ್ಖನನ ನಡೆಸುತ್ತಿದ್ದ ಅರ್ನ್ಸ್ಟ್ ಹರ್ಟ್ಸ್‌ಫೆಲ್ಡ್‌ಗೆ 1933ರಲ್ಲಿ ಪರ್ಷಿಯದ ರಾಜಧಾನಿ ಪರ್ಸೆಪೊಲಿಸ್‌ನ ಕೋಟೆಗೋಡೆಯಲ್ಲಿ ಸಾವಿರಾರು ಮಣ್ಣಿನ ಫಲಕಗಳು ಸಿಕ್ಕವು. ಬಹುಪಾಲು ಎಲಾಮೈಟ್ ಭಾಷೆ. ಕಾಲ ಮೊದಲನೆಯ ದಾರಿಯಸನದು, ಕ್ರಿ.ಪೂ. 509ರಿಂದ 493. ರಿಚರ್ಡ್ ಹ್ಯಾಲಕ್ 1969ರಲ್ಲಿ ಅವುಗಳಲ್ಲಿ 2,087 ಪಠ್ಯಗಳನ್ನು ಪ್ರಕಟಿಸಿದರು. ಯುದ್ಧವಿಲ್ಲ, ಅರಮನೆಯ ಒಳಸಂಚಿಲ್ಲ, ಬರೀ ಪಡಿತರ. ಕೆಲಸಗಾರರ ಗುಂಪಿಗೆ ಎಷ್ಟು ಧಾನ್ಯ, ಬಾಣಂತಿಯರಿಗೆ ಎಷ್ಟು ಹೆಚ್ಚುವರಿ (ಗಂಡು ಹೆತ್ತವಳಿಗೆ ಹೆಣ್ಣು ಹೆತ್ತವಳ ಎರಡರಷ್ಟು, ಅದೂ ಲೆಕ್ಕದಲ್ಲಿದೆ), ಯಾವ ದೇವರ ಪೂಜೆಗೆ ಎಷ್ಟು ಮದ್ಯ. ಮುದ್ರೆಯೊತ್ತಿದ ರಹದಾರಿ ಪತ್ರ ಹಿಡಿದು ಹೋಗುವ ಪಯಣಿಗರಿಗೆ ತಂಗುದಾಣದಲ್ಲಿ ಊಟ. ಆ ಪಯಣಿಗರಲ್ಲಿ ಭಾರತದಿಂದ ಸೂಸಾಕ್ಕೆ ಹೋಗಿ ಬರುವವರೂ ಇದ್ದಾರೆ. ಸಾರ್ಡಿಸ್‌ನಿಂದ ಸೂಸಾಕ್ಕೆ 111 ತಂಗುದಾಣಗಳ ರಾಜಮಾರ್ಗವಿತ್ತು, ಕಾಲ್ನಡಿಗೆಗೆ 90 ದಿನ ಎಂದು ಹೆರೊಡೋಟಸ್ ಹೇಳಿದ್ದು ಉತ್ಪ್ರೇಕ್ಷೆಯಲ್ಲ ಎಂದು ಈ ಚೀಟಿಗಳನ್ನು ನೋಡಿದರೆ ಅನ್ನಿಸುತ್ತದೆ. ಅಲೆಗ್ಸಾಂಡರನ ವೇಗವನ್ನು ಹೊಗಳುವವರು ಅವನು ನಡೆದ ದಾರಿ ಯಾರದು, ಆ ದಾರಿಯ ಕಣಜ ತುಂಬಿದವರು ಯಾರು ಎಂದೂ ಒಂದು ಮಾತು ಕೇಳಬೇಕು.

ಈ ಫಲಕಗಳಿಗೆ ನಮ್ಮ ಕಾಲದಲ್ಲೂ ಒಂದು ಗಂಡಾಂತರ ಬಂದಿತ್ತು. ಇರಾನ್ ಸರ್ಕಾರದ ವಿರುದ್ಧ ಅಮೆರಿಕದ ಕೋರ್ಟಿನಲ್ಲಿ ಪರಿಹಾರದ ತೀರ್ಪು ಪಡೆದವರು, ಶಿಕಾಗೊದಲ್ಲಿ ಅಧ್ಯಯನಕ್ಕಿದ್ದ ಇವನ್ನು ಜಪ್ತಿ ಮಾಡಿ ಮಾರಿಸಿಕೊಡಿ ಎಂದು ಕೇಳಿದರು. ಪ್ರಕರಣ ವರ್ಷಗಟ್ಟಲೆ ನಡೆದು 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹಾಗೆ ಮಾಡಲು ಬರುವುದಿಲ್ಲ ಎಂದಿತು. ಒಂದೊಂದೇ ಫಲಕ ಒಬ್ಬೊಬ್ಬ ಶ್ರೀಮಂತನ ಕಪಾಟು ಸೇರಿದ್ದರೆ ಅದು ಮುಂದೆ ಆಕರವಾಗಿ ಉಳಿಯುತ್ತಿರಲಿಲ್ಲ. ಪಡಿತರ ಚೀಟಿಗಳು ಮಾತಾಡುವುದು ಒಟ್ಟಿಗಿದ್ದಾಗ ಮಾತ್ರ.

ಮೂರನೆಯ ಸಾಕ್ಷಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಎಲ್ಲಕ್ಕಿಂತ ಇರುಸುಮುರುಸು ತರುವುದೂ ಅದೇ. ಬ್ಯಾಕ್ಟ್ರಿಯ, ಅಂದರೆ ಇಂದಿನ ಉತ್ತರ ಅಫ್ಘಾನಿಸ್ತಾನದ ಕಡೆಯಿಂದ ಬಂದ ಸುಮಾರು ಮೂವತ್ತು ಚರ್ಮದ ಪತ್ರಗಳು, ಹದಿನೆಂಟು ಮರದ ಲೆಕ್ಕದ ಕಡ್ಡಿಗಳು. ಬರಹ ಅರಮೇಯಿಕ್, ಕಾಲ ಕ್ರಿ.ಪೂ. ನಾಲ್ಕನೆಯ ಶತಮಾನ. ಯೋಸೆಫ್ ನವೇಹ್ ಮತ್ತು ಶೌಲ್ ಶಾಕೆದ್ ಇವನ್ನು ಓದಿದರು. ಪುಸ್ತಕ ಬಂದದ್ದು 2012ರಲ್ಲಿ. ಇವು ಉತ್ಖನನದಲ್ಲಿ ಸಿಕ್ಕವಲ್ಲ, ಪುರಾತನ ವಸ್ತುಗಳ ಮಾರುಕಟ್ಟೆಯ ಮೂಲಕ ಲಂಡನ್ನಿನ ಖಲೀಲಿ ಸಂಗ್ರಹ ಸೇರಿದವು. ಯುದ್ಧದಲ್ಲಿ ನಲುಗಿದ ನಾಡಿನಿಂದ ಇಂಥವು ಹೊರಬರುವ ರೀತಿ ಯಾವ ಇತಿಹಾಸಕಾರನಿಗೂ ಹಿತವಾದದ್ದಲ್ಲ. ಅದನ್ನು ಹೇಳಿಯೇ ಮುಂದೆ ಹೋಗಬೇಕು.

ಈ ಪತ್ರಗಳಲ್ಲಿ ಅಖ್ವಮಜ್ದ ಎಂಬ ಮೇಲಧಿಕಾರಿ, ಖುಲ್ಮಿ ಎಂಬ ಊರಿನ ಬಗವಂತ ಎಂಬ ಕೆಳಗಿನ ಅಧಿಕಾರಿ ಇದ್ದಾರೆ. ಬಗವಂತ ಒಂದು ಊರಿಗೆ ಗೋಡೆ ಕಟ್ಟಿಸಿ ಕಂದಕ ತೋಡಿಸಬೇಕು. ಅದಕ್ಕಾಗಿ ಆಳುಗಳನ್ನು ಸೇರಿಸಿದ್ದಾನೆ. ಅಷ್ಟರಲ್ಲಿ ಮಿಡತೆಯ ದಂಡು ಬಂತು, ಪೈರು ಕೊಯ್ಲಿಗೆ ನಿಂತಿದೆ. ಆಳುಗಳನ್ನು ಬಿಡಿ, ಮೊದಲು ಬೆಳೆ ಉಳಿಸಿಕೊಳ್ಳಲಿ, ಗೋಡೆ ಆಮೇಲೆ ಎಂದು ಕೋರಿಕೆ, ಮೇಲಿನಿಂದ ಒಪ್ಪಿಗೆ. ಇನ್ನೊಂದರಲ್ಲಿ ಇದೇ ಬಗವಂತನ ಮೇಲೆ ಅರಸನ ಒಂಟೆ ಕಾಯುವವರ ದೂರು: ಸಲ್ಲದ ತೆರಿಗೆ ಹಾಕಿದ್ದಾನೆ ಎಂದು. ನಮ್ಮ ತಾಲ್ಲೂಕು ಕಚೇರಿಯ ಕಡತ ನೋಡಿದವರಿಗೆ ಇದರಲ್ಲಿ ಯಾವುದೂ ಹೊಸದಲ್ಲ. ಆದರೆ ಯೋಚಿಸಿ: ಎರಡು ಶತಮಾನದ ಪರ್ಷಿಯನ್ ಆಳ್ವಿಕೆ ಕೊಳೆತು ಹೋಗಿತ್ತು, ವಿಲಾಸದಲ್ಲಿ ಮೆತ್ತಗಾಗಿತ್ತು, ಒಂದು ಗುದ್ದಿಗೆ ಕಾದಿತ್ತು ಎಂದು ಐಸಾಕ್ರಟೀಸನಿಂದ ಹಿಡಿದು ಹತ್ತೊಂಬತ್ತನೆಯ ಶತಮಾನದ ಯೂರೋಪಿನವರೆಗೆ ಬರೆದವರು ಎಷ್ಟು ಜನ! ಕುಸಿಯುತ್ತಿದ್ದ ಸಾಮ್ರಾಜ್ಯದ ದೂರದ ಮೂಲೆಯಲ್ಲಿ ಮಿಡತೆಯ ಅರ್ಜಿಗೆ ಉತ್ತರ ಹೋಗುತ್ತಿತ್ತೇ? ಒಂಟೆಯಾಳಿನ ದೂರಿಗೆ ವಿಚಾರಣೆ ನಡೆಯುತ್ತಿತ್ತೇ?

ಅದೇ ಕಟ್ಟಿನಲ್ಲಿ ಬೆಸ್ಸಸ್‌ಗೆ ಒದಗಿಸಿದ ಸಾಮಗ್ರಿಯ ಪಟ್ಟಿಯೊಂದಿದೆ. ದಾರಿಯಸನನ್ನು ಕೊಂದು, ಅರ್ತಕ್ಸರ್ಕ್ಸಸ್ ಎಂಬ ಹೆಸರಿನಲ್ಲಿ ಪಟ್ಟಕ್ಕೇರಿ, ಅಲೆಗ್ಸಾಂಡರನಿಂದ ತಪ್ಪಿಸಿಕೊಂಡು ಓಡುತ್ತಿದ್ದ ಅದೇ ಬೆಸ್ಸಸ್. ಗ್ರೀಕರ ಕಥೆಯ ಖಳನಾಯಕ ಇಲ್ಲಿ ಉಗ್ರಾಣದ ಲೆಕ್ಕದಲ್ಲಿ ಒಂದು ಹೆಸರು. ಮತ್ತೊಂದು ಪತ್ರದ ಮೇಲಿನ ತೇದಿ ಅರಸ ಅಲೆಗ್ಸಾಂಡರನ ಆಳ್ವಿಕೆಯ ಏಳನೆಯ ವರ್ಷ, ಅಂದರೆ ಕ್ರಿ.ಪೂ. 324, ವಿಷಯ ಬಾರ್ಲಿ ಹಂಚಿಕೆ. ಭಾಷೆ ಅದೇ ಅರಮೇಯಿಕ್, ಲೆಕ್ಕದ ಕ್ರಮ ಅದೇ, ತಿಂಗಳ ಹೆಸರು ಅದೇ. ಬದಲಾದದ್ದು ಅರಸನ ಹೆಸರೊಂದು. ಇಡೀ ಅಲೆಗ್ಸಾಂಡರ್ ಅಧ್ಯಯನದಲ್ಲಿ ಒಂದೇ ದಾಖಲೆ ಆರಿಸಿಕೊ ಎಂದು ಯಾರಾದರೂ ಕೇಳಿದರೆ ನಾನು ಈ ಬಾರ್ಲಿ ಪಟ್ಟಿಯನ್ನೇ ಎತ್ತಿಕೊಳ್ಳುತ್ತೇನೆ.

ಆಧುನಿಕ ಇತಿಹಾಸಕಾರರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1833ರಲ್ಲಿ ಡ್ರೋಯ್ಸನ್ ಎಂಬ ಪ್ರಷ್ಯನ್ ಯುವಕ ಬರೆದ ಜೀವನಚರಿತ್ರೆ, ಅಲೆಗ್ಸಾಂಡರನನ್ನು ಹೊಸ ಯುಗ ತೆರೆದವನನ್ನಾಗಿ ಮಾಡಿತು. ಸರಿಯಾಗಿ ನೂರು ವರ್ಷದ ಮೇಲೆ, 1933ರಲ್ಲಿ, ಡಬ್ಲ್ಯು. ಡಬ್ಲ್ಯು. ಟಾರ್ನ್ ಬ್ರಿಟಿಷ್ ಅಕಾಡೆಮಿಯಲ್ಲಿ ಉಪನ್ಯಾಸ ಕೊಟ್ಟು, ಮನುಕುಲವೆಲ್ಲ ಒಂದು ಎಂದು ಮೊದಲು ಕನಸಿದವನು ಅಲೆಗ್ಸಾಂಡರ್ ಎಂದರು. ಇಂಥದೇ ಒಂದು ದತ್ತಿ ಉಪನ್ಯಾಸ ಅದು. ಉಪನ್ಯಾಸಕರು ಎಷ್ಟು ಎಚ್ಚರವಾಗಿರಬೇಕು ಎನ್ನುವುದಕ್ಕೆ ನಾನು ಅದನ್ನು ಆಗಾಗ ನೆನೆಯುತ್ತೇನೆ. ಟಾರ್ನ್ ಮುಖ್ಯವಾಗಿ ನೆಚ್ಚಿದ್ದು ಓಪಿಸ್‌ನಲ್ಲಿ ಸೈನಿಕರ ದಂಗೆಯ ನಂತರ ಅಲೆಗ್ಸಾಂಡರ್ ಕೊಟ್ಟ ಔತಣದ ಒಂದು ಪ್ರಾರ್ಥನೆಯನ್ನು. ಅರ್ನ್ಸ್ಟ್ ಬಾಡಿಯನ್ 1958ರ ಲೇಖನದಲ್ಲಿ ಅದನ್ನು ಎಳೆಎಳೆಯಾಗಿ ಬಿಚ್ಚಿಟ್ಟರು: ಆ ಪ್ರಾರ್ಥನೆ ಮ್ಯಾಸಿಡೋನಿಯನ್ನರೂ ಪರ್ಷಿಯನ್ನರೂ ಅಧಿಕಾರದಲ್ಲಿ ಜೊತೆಯಾಗಿರಲಿ ಎಂದು ಕೇಳಿತ್ತು, ಮನುಕುಲದ ಬಗ್ಗೆ ಅದರಲ್ಲಿ ಚಕಾರವಿಲ್ಲ. ಬಾಡಿಯನ್ ಬಾಲ್ಯದಲ್ಲಿ ನಾಜಿಗಳಿಂದ ಪಾರಾಗಿ ವಿಯೆನ್ನಾ ಬಿಟ್ಟವರು. ದಿಗ್ವಿಜಯಿಗಳ ಬಗ್ಗೆ ಅವರಿಗೆ ಭ್ರಮೆಯಿರಲಿಲ್ಲ. 1980ರ ದಶಕದಲ್ಲಿ ಹೆಲೀನ್ ಸಾಂಸಿಸಿ-ವೇರ್ಡನ್‌ಬರ್ಗ್ ಮತ್ತು ಅಮೇಲಿ ಕೂರ್ಟ್ ಅಕೀಮೆನಿಡ್ (ಪರ್ಷಿಯದ ಆ ಅರಸುವಂಶದ ಹೆಸರು) ಇತಿಹಾಸದ ಕಮ್ಮಟಗಳನ್ನು ನಡೆಸಿ, ಪರ್ಷಿಯವನ್ನು ಗ್ರೀಕ್ ಕನ್ನಡಕ ತೆಗೆದಿಟ್ಟು ನೋಡಲು ಕಲಿಸಿದರು. ಪಿಯರ್ ಬ್ರಿಯಾಂ ಆ ದಾರಿಯಲ್ಲಿ ತುದಿಯವರೆಗೆ ನಡೆದು, ಅಲೆಗ್ಸಾಂಡರನನ್ನು ಕೊನೆಯ ಅಕೀಮೆನಿಡ್ ಅರಸ ಎಂದೇ ಕರೆದರು.

ಬ್ರಿಯಾಂ ಮಾತಿನಲ್ಲಿ ಮುಕ್ಕಾಲು ಪಾಲು ನಾನು ಒಪ್ಪುತ್ತೇನೆ. ಗೌಗಮೇಲದಲ್ಲಿ ದಾರಿಯಸನ ಬಲಪಾರ್ಶ್ವ ನಡೆಸಿದ ಮಜೇಯಸ್‌ನನ್ನೇ ಅಲೆಗ್ಸಾಂಡರ್ ಬ್ಯಾಬಿಲೋನಿನ ಸತ್ರಪನನ್ನಾಗಿ, ಅಂದರೆ ಪ್ರಾಂತಾಧಿಪತಿಯನ್ನಾಗಿ ಮಾಡಿದ. ಪಸರ್ಗಡೆಯಲ್ಲಿ ಸಾಮ್ರಾಜ್ಯದ ಸ್ಥಾಪಕ ಸೈರಸ್‌ನ ಸಮಾಧಿ ಲೂಟಿಯಾದದ್ದನ್ನು ಕಂಡು, ಅರಿಸ್ಟೊಬುಲಸ್‌ಗೆ ಹೇಳಿ ದುರಸ್ತಿ ಮಾಡಿಸಿದ. ಪೂರ್ವಜರ ಸಮಾಧಿಗೆ ಉತ್ತರಾಧಿಕಾರಿ ತೋರುವ ಕಾಳಜಿ ಅದು. ಪಾರಸದ ಸತ್ರಪನಾದ ಪ್ಯೂಸೆಸ್ಟಸ್ ಪರ್ಷಿಯನ್ ಭಾಷೆ ಕಲಿತು ಅಲ್ಲಿನ ಉಡುಪು ತೊಟ್ಟಾಗ ಮ್ಯಾಸಿಡೋನಿಯನ್ನರು ಮುಖ ಗಂಟಿಕ್ಕಿದರು, ಅಲೆಗ್ಸಾಂಡರ್ ಮೆಚ್ಚಿದ. ಉಳಿದ ಕಾಲು ಪಾಲು ಒಪ್ಪಲಾಗದ್ದಕ್ಕೆ ಕಾರಣ ಕ್ರಿ.ಪೂ. 330ರ ಪರ್ಸೆಪೊಲಿಸ್. ಅರಮನೆಗೆ ಬೆಂಕಿ ಬಿದ್ದದ್ದು ಕುಡಿದ ಮತ್ತಿನಲ್ಲಿ ಥಾಯಿಸ್ ಎಂಬ ಗಣಿಕೆಯ ಮಾತಿಗೋ, ಅರಿಯನ್ ಹೇಳುವಂತೆ ಅಥೆನ್ಸ್ ಸುಟ್ಟದ್ದಕ್ಕೆ ಲೆಕ್ಕ ಹಾಕಿದ ಸೇಡೋ, ಚರ್ಚೆ ನಡೆಯಲಿ. ಯಾವ ಅಕೀಮೆನಿಡ್ ಅರಸನೂ ತನ್ನ ವಂಶದ ಸಿಂಹಾಸನ ಸಭೆಯನ್ನು ಸುಡುತ್ತಿರಲಿಲ್ಲ. ಮತ್ತೆ, ಅಕೀಮೆನಿಡ್ ಅರಸರು ಸತ್ತಾಗ ರಕ್ತ ಹರಿದರೂ ಸಾಮ್ರಾಜ್ಯ ಉಳಿಯುತ್ತಿತ್ತು. ಅಲೆಗ್ಸಾಂಡರ್ ಸತ್ತಾಗ ಅದು ಚೂರಾಯಿತು. ಯಂತ್ರ ನಡೆಸಲು ಬಂತು, ಮುಂದಿನವನಿಗೆ ಒಪ್ಪಿಸಲು ಬರಲಿಲ್ಲ.

ಇರಾನ್ ಅವನನ್ನು ಎರಡು ಬಗೆಯಲ್ಲಿ ನೆನಪಿಟ್ಟುಕೊಂಡಿತು. ಜರತುಷ್ಟ್ರ ಧರ್ಮದ ಪಹ್ಲವಿ ಗ್ರಂಥ ಅರ್ದಾ ವಿರಾಫ್‌ನಲ್ಲಿ ಅವನು ಅವೆಸ್ತಾವನ್ನು ಸುಟ್ಟ ಶಾಪಗ್ರಸ್ತ. ಫಿರ್ದೌಸಿಯ ಶಾಹನಾಮೆಯಲ್ಲಿ ಇರಾನಿನ ಅರಸನಿಗೇ ಹುಟ್ಟಿದ ಸಿಕಂದರ್, ತಾನು ಸೋಲಿಸಿದ ದಾರಾನ (ಅಂದರೆ ದಾರಿಯಸನ) ಮಲಅಣ್ಣ. ಸೋತ ನಾಡು ಗೆದ್ದವನನ್ನು ಹೀಗೆ ಮನೆಮಗನನ್ನಾಗಿ ಮಾಡಿಕೊಂಡಿತು. ನಮ್ಮ ಕಡೆಗೆ ಬಂದವನೂ ಈ ಎರಡನೆಯವನೇ: ಬಿಜಾಪುರದ ಕೊನೆಯ ಸುಲ್ತಾನನ ಹೆಸರು ಸಿಕಂದರ್ ಆದಿಲ್ ಶಾಹ. ಅವನು 1686ರಲ್ಲಿ ಔರಂಗಜೇಬನಿಗೆ ಶರಣಾದ.

ಕರ್ನಾಟಕಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ಗಟ್ಟಿಯಾದ ನಂಟೊಂದಿದೆ, ಅದು ಗುಮಾಸ್ತರ ಕಡೆಯದೇ. ಪರ್ಷಿಯದ ಆಡಳಿತದೊಂದಿಗೆ ಅರಮೇಯಿಕ್ ಲಿಪಿ ಗಾಂಧಾರಕ್ಕೆ ಬಂತು. ಅದರಿಂದ ಖರೋಷ್ಠಿ ಹುಟ್ಟಿತು. ಅಲೆಗ್ಸಾಂಡರ್ ಬಂದುಹೋದ ಅರ್ಧ ಶತಮಾನದಾಚೆ ಅಶೋಕ ಅದೇ ಗಡಿಯ ಕಂದಹಾರಿನಲ್ಲಿ ಗ್ರೀಕ್ ಮತ್ತು ಅರಮೇಯಿಕ್ ಎರಡರಲ್ಲೂ ಶಾಸನ ಕೊರೆಸಿದ. ಅದು ಬೆಳಕಿಗೆ ಬಂದದ್ದು 1958ರಲ್ಲಿ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳನ್ನು ಬಿ. ಎಲ್. ರೈಸ್ ಪತ್ತೆ ಮಾಡಿದರು. ಬ್ರಾಹ್ಮಿಯಲ್ಲಿ ಶಾಸನ ಬರೆದ ಚಪಡ, ಕೊನೆಯಲ್ಲಿ ತಾನು ಲಿಪಿಕಾರ ಎನ್ನುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅವನು ವಾಯವ್ಯದಿಂದ ಬಂದವನಿರಬೇಕು ಅಥವಾ ಅಲ್ಲಿ ಕೆಲಸ ಮಾಡಿದವನು. ಅಲೆಗ್ಸಾಂಡರನ ಸೈನ್ಯ ಬಿಯಾಸ್ ನದಿಯಿಂದ ಹಿಂದಕ್ಕೆ ತಿರುಗಿತು. ದಾರಿಯಸನ ಗುಮಾಸ್ತರ ಬರವಣಿಗೆಯ ಒಂದು ಕವಲು ಈ ಶಾಸನಗಳಿರುವ ಮೊಳಕಾಲ್ಮೂರಿನವರೆಗೂ ಬಂತು.

ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ಅರಿಯನ್‌ನನ್ನು ಓದಿ, ಅವನು ಒಳ್ಳೆಯ ಬರಹಗಾರ. ಆದರೆ ಅದೇ ಮೇಜಿನ ಮೇಲೆ ಅಮೇಲಿ ಕೂರ್ಟ್ 2007ರಲ್ಲಿ ಎರಡು ಸಂಪುಟಗಳಲ್ಲಿ ತಂದ ಪರ್ಷಿಯನ್ ಸಾಮ್ರಾಜ್ಯದ ಆಕರಗಳನ್ನೂ ಇಟ್ಟುಕೊಳ್ಳಿ, ಒಂದು ಅಧ್ಯಾಯ ಇದು, ಒಂದು ಅಧ್ಯಾಯ ಅದು ಎಂದು ಓದಿ. ನಿಮ್ಮಲ್ಲಿ ಒಬ್ಬರಾದರೂ ಅರಮೇಯಿಕ್ ಅಥವಾ ಅಕ್ಕಾಡಿಯನ್ ಕಲಿಯಲು ಹೊರಡಿ. ಶಾಸನ ಓದುವ ದೊಡ್ಡ ಪರಂಪರೆಯಿರುವ ಈ ನಾಡಿನವರಿಗೆ ಹೊಸ ಲಿಪಿ ಭಯ ಹುಟ್ಟಿಸಬಾರದು. ಬಗವಂತನ ಮಿಡತೆಯ ಪತ್ರವನ್ನು ಮೂಲದಿಂದ ನೇರವಾಗಿ ಕನ್ನಡಕ್ಕೆ ತರುವವರು ಮುಂದೆ ಬಂದರೆ, ಅದನ್ನು ಅಚ್ಚು ಹಾಕಿಸುವ ಹೊಣೆಯನ್ನು ಈ ದತ್ತಿಯವರು ಹೊರಬೇಕೆಂದು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.